ರೋವನ್ ಬೀದಿಯ ಕನಸು

ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ಕ್ಲಿಫರ್ಡ್ ರಿಗ್ಬಿ ಮಾತಾಡಬೇಕಾದ ಹೊತ್ತಿನಲ್ಲಿ ಮಾತಾಡದೆ ಗಂಟಲು ಸರಿಮಾಡಿಕೊಂಡ. ಆಮೇಲೆ ಆದದ್ದಕ್ಕೆಲ್ಲ ಅದೇ ಕಾರಣ.

ಅಮೆರಿಕದ ಯೂಟಾ ಸೀಮೆಯ ಆಲ್ಡರ್‌ಟನ್ ಊರಿನಲ್ಲಿ ಮಿಕ್ಕವರೆಲ್ಲ ಹುಟ್ಟು ಮಾರ್ಮನರು, ಒಬ್ಬರನ್ನೊಬ್ಬರು ಬ್ರದರ್, ಸಿಸ್ಟರ್ ಎಂದು ಕರೆಯುವ ಕ್ರೈಸ್ತ ಪಂಥದವರು. ಅವರ ಮುತ್ತಜ್ಜಂದಿರು ಕೈಗಾಡಿ ಎಳೆದುಕೊಂಡು ಬಯಲು ದಾಟಿ ಬಂದವರು. ದೊಡ್ಡವನಾದ ಮೇಲೆ ತಾನಾಗಿ ಮತ ಸೇರಿದವನು ಎಂದರೆ ಇಂಗ್ಲೆಂಡಿನ ಬರ್ನ್ಲಿಯಿಂದ ಬಂದ ರಿಗ್ಬಿ ಒಬ್ಬನೇ. ಹೆಂಡತಿ ಬೆರಿಲ್ ಕೂಡ ಹಾಗೆ ಸೇರಿದವಳೇ. ಆದರೆ ಗಂಡನ ಹಿಂದೆ ಬಂದವಳೆಂದು ಊರು ಅವಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೇರೆಯವರಿಗೆ ಹೇಳಿಕೊಳ್ಳಲು ಮುತ್ತಜ್ಜನ ಕತೆ ಇತ್ತು. ಸ್ವಂತ ಕತೆ ಇದ್ದವನು ರಿಗ್ಬಿ. ಹೀಗಾಗಿ ಮದುವೆಮನೆಗೆ ಬಂದ ಹಾಡುಗಾರನನ್ನು ಹಿಡಿದು ಕೂರಿಸಿದಂತೆ ಅವನನ್ನು ಸಿಕ್ಕ ಸಿಕ್ಕಲ್ಲಿ ಕೂರಿಸಿ, ‘ಹೇಳಿ, ಹೇಳಿ’ ಎನ್ನುತ್ತಿದ್ದರು.

ಪಕ್ಕದ ಮನೆಯ ಸಿಸ್ಟರ್ ವಲೇಟಾ ಪೌಲ್ಸನ್‌ಗೆ ವಂಶವೃಕ್ಷ ಹುಡುಕುವ ಹವ್ಯಾಸ. ಸತ್ತವರದ್ದೆಲ್ಲ ಮುಗಿದ ಮೇಲೆ ಆಕೆ ಬದುಕಿದ್ದವರಿಗೆ ಕೈ ಹಾಕಿದಳು. ಬರ್ನ್ಲಿಯಲ್ಲಿ ರಿಗ್ಬಿಯ ಮನೆ ಬಾಗಿಲು ತಟ್ಟಿದ್ದ ಧರ್ಮಪ್ರಚಾರಕ ಹುಡುಗ ಲಮಾರ್ ಹ್ಯಾಚ್‌ನ ಹಳೆಯ ಡೈರಿಯನ್ನು ಅವನ ಮನೆಯವರು ಇಂಟರ್ನೆಟ್ಟಿಗೆ ಹಾಕಿದ್ದರು. ಅದರಲ್ಲೊಂದು ಸಾಲು: ‘ಮಳೆ. ನಮ್ಮಿಬ್ಬರನ್ನು ಕನಸಿನಲ್ಲಿ ಕಂಡವರು ಪತ್ರ ಬರೆದು ಕರೆದಿದ್ದರು. ರೋವನ್ ಬೀದಿಗೆ ಹೋದೆವು. ರಿಗ್ಬಿ ಎಂಬುವನು ಬಾಗಿಲು ತೆರೆದ.’

ವಲೇಟಾ ಅದನ್ನು ಚರ್ಚಿನ ತುಂಬಿದ ಸಭೆಯಲ್ಲಿ ಓದಿ, “ಬ್ರದರ್ ರಿಗ್ಬಿ, ಇಷ್ಟು ವರ್ಷ ಕನಸಿನ ವಿಷಯ ಯಾಕೆ ಬಚ್ಚಿಟ್ರಿ?” ಎಂದು ಕೇಳಿದಳು. ರಿಗ್ಬಿ ಗಂಟಲು ಸರಿಮಾಡಿಕೊಂಡ. ಅದನ್ನು ವಿನಯವೆಂದು ಬಗೆದು ನಾಲ್ಕು ಜನ ಕಣ್ಣೊರೆಸಿಕೊಂಡರು. ಅಷ್ಟಾದ ಮೇಲೆ ಎದ್ದು ಇಲ್ಲ ಎನ್ನುವುದು ಹೇಗೆ?

ನಿಜ ಇಷ್ಟೇ. 1978ರ ಆ ಮಧ್ಯಾಹ್ನ ರಿಗ್ಬಿಯ ಅಜ್ಜಿಯ ಓಕ್ ಮರದ ಬೀರು ಮಹಡಿಗೆ ಹೋಗಬೇಕಿತ್ತು, ಹೋಗುತ್ತಿರಲಿಲ್ಲ. ಬಾಗಿಲು ಬಡಿದ ಸದ್ದಿಗೆ ಹೋಗಿ ನೋಡಿದರೆ ನೀರು ತೊಟ್ಟಿಕ್ಕುವ ಕಪ್ಪು ಕೋಟಿನ ಇಬ್ಬರು ಗಟ್ಟಿಮುಟ್ಟು ಹುಡುಗರು. ‘ಬೀರು ಎತ್ತಿ, ಆಮೇಲೆ ಏನು ಬೇಕಾದ್ರೂ ಹೇಳಿ’ ಎಂದ. ಮೆಟ್ಟಿಲ ತಿರುವಿನಲ್ಲಿ ಬೀರು ಕಚ್ಚಿಕೊಂಡಿತು. ಹ್ಯಾಚ್ ಮೇಲೆ, ಅವನ ಜೊತೆಗಾರ ಕೆಳಗೆ, ಬೀರುವಿಗೆ ಹೆಗಲು ಕೊಟ್ಟ ರಿಗ್ಬಿ ನಡುವೆ. ಯಾರೋ ಗರಗಸ ತರುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಬೇರೆ ಕೆಲಸವಿಲ್ಲದ ಹುಡುಗರು ಮೊದಲ ಪಾಠ ಹೇಳಿ ಮುಗಿಸಿದರು. ಎದ್ದು ಹೋಗುವ ಹಾಗಿರಲಿಲ್ಲವಾಗಿ ರಿಗ್ಬಿ ಪೂರ್ತಿ ಕೇಳಿದ. ಕೇಳಿದ್ದು ಮನಸ್ಸಿಗೆ ಹಿಡಿಸಿತು. ಮೂರು ತಿಂಗಳಿಗೆ ದೀಕ್ಷಾಸ್ನಾನವಾಯಿತು. ಆ ನಂಬಿಕೆ ಇವತ್ತಿಗೂ ಗಟ್ಟಿ. ನಾಚಿಕೆಯೆಂದು ಬೀರುವಿನ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಕನಸು ಮಾತ್ರ ಬಿದ್ದಿರಲಿಲ್ಲ.

ಜುಲೈ ತಿಂಗಳ ಮೊದಲ ಭಾನುವಾರ, ಉಪವಾಸದ ದಿನ, ಬೆಳಿಗ್ಗೆ ಎಂಟಕ್ಕೆ ವಲೇಟಾ ರಿಗ್ಬಿಯ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ದೊಡ್ಡ ಹೊಟ್ಟೆಯ, ಬಿಳಿ ಕೂದಲಿನ ಒಬ್ಬ ಗಂಡಸು.

“ಯಾರು ಬಂದಿದಾರೆ ನೋಡಿ. ಎಲ್ಡರ್ ಹ್ಯಾಚ್, ಆ ಡೈರಿ ಬರೆದೋರು. ಐಡಹೋದಿಂದ ಕರೆಸಿದೀನಿ. ಇವತ್ತು ಮಧ್ಯಾಹ್ನ ಒಂದು ಗಂಟೆ ಸಭೇಲಿ ನೀವಿಬ್ರೂ ಒಟ್ಟಿಗೆ ನಿಂತು ಕನಸಿನ ಕತೆ ಹೇಳಬೇಕು.”

ಈ ಮನುಷ್ಯ ಬೀರುವಿನ ಆ ಬದಿಯಲ್ಲಿದ್ದವನು. ಇವನು ಬಾಯಿ ಬಿಟ್ಟರೆ ಹನ್ನೊಂದು ವರ್ಷದ ಮರ್ಯಾದೆ ಹೋಯಿತು. ಸಭೆ ಮುಗಿಯುವುದು ಎರಡಕ್ಕೆ. ಅಲ್ಲಿಯವರೆಗೆ ಇವನನ್ನು ಊರಾಚೆ ಇಟ್ಟರೆ ಸಾಕು ಎಂದು ರಿಗ್ಬಿಯ ತಲೆ ಓಡಿತು.

“ಅಷ್ಟು ದೂರದಿಂದ ಬಂದಿದಾರೆ, ನಮ್ಮ ಕಡೆ ಹಿರಿಯರ ಜಾಗಗಳನ್ನ ತೋರಿಸ್ಕೊಂಡು ಬರ್ತೀನಿ,” ಎಂದ.

“ಓ, ಖಂಡಿತ. ನಂಗೆ ಹಳೇ ಜಾಗ ಅಂದ್ರೆ ಪ್ರಾಣ,” ಎಂದ ಹ್ಯಾಚ್, ಹಸಿದವನು ಅನ್ನ ಕಂಡಷ್ಟು ಆತುರದಿಂದ.

ಒಳಗಿಂದ ಬೆರಿಲ್ ಕೈ ಒರೆಸಿಕೊಳ್ಳುತ್ತ ಬಂದು ಹ್ಯಾಚ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಕ್ಲಿಫ್, ನಾನೂ ಬರ್ಲಾ?”

“ಬೇಡ, ಬಿಸಿಲು ಜಾಸ್ತಿ.”

ಮೊದಲು ಹಿರಿಯರ ಗೋರಿಗಳಿಗೆ ಹೋದರು. ರಿಗ್ಬಿ ಅಲ್ಲಿ ಅರ್ಧ ಗಂಟೆ ಕಳೆಯುವ ಅಂದಾಜು ಮಾಡಿದ್ದ. ಹ್ಯಾಚ್ ಪ್ರತಿ ಕಲ್ಲನ್ನೂ ಓದಿದ. ಪಾಚಿ ಹಿಡಿದದ್ದನ್ನು ಕರ್ಚೀಫಿನಿಂದ ಉಜ್ಜಿ ಓದಿದ. ಒಂಬತ್ತೂವರೆಗೆ ರಿಗ್ಬಿಗೇ ಸಾಕಾಯಿತು.

“ಇನ್ನೇನಾದ್ರೂ ಇದೆಯಾ?” ಎಂದ ಹ್ಯಾಚ್.

ಹಳ್ಳ ದಾಟಿ, ಮೊದಲ ಗಾಡಿ ನಿಂತ ಜಾಗದ ಕಲ್ಲುಕಂಬಕ್ಕೆ ಹೋದರು. ಅದೊಂದು ಕಂಬ, ಸುತ್ತ ಒಣಹುಲ್ಲು. ಹ್ಯಾಚ್ ಅದನ್ನು ನಾಲ್ಕೂ ಕಡೆಯಿಂದ ನೋಡಿ, “ಬಹಳ ಚೆನ್ನಾಗಿದೆ. ಇನ್ನೊಂದು ಸುತ್ತು ಬರೋಣ,” ಎಂದ. ಇವನಿಗೂ ವಾಪಸ್ಸು ಹೋಗುವ ಆತುರವಿಲ್ಲವಲ್ಲ ಎಂದು ರಿಗ್ಬಿಗೆ ಅನ್ನಿಸಿತು. ಆದರೆ ತನ್ನ ಅದೃಷ್ಟವನ್ನು ಕೆದಕಿ ನೋಡುವಷ್ಟು ದಡ್ಡ ಅವನಲ್ಲ.

ಹನ್ನೊಂದೂವರೆಗೆ ಇಪ್ಪತ್ತು ಮೈಲಿ ಆಚೆಯ ಮರದ ದಿಮ್ಮಿಗಳ ಗುಡಿಸಲಿಗೆ ಬಂದರು. ನೂರೆಪ್ಪತ್ತು ವರ್ಷದ ಹಿಂದೆ ಒಂದು ಕುಟುಂಬ ಅಲ್ಲಿ ಬದುಕಿತ್ತು. ಈಗ ಸೇವೆಗೆಂದು ಬಂದ ಒಬ್ಬ ಅಜ್ಜಿ ಉದ್ದ ಲಂಗ, ಬಿಳಿ ಟೊಪ್ಪಿ ತೊಟ್ಟು ಬಂದವರಿಗೆಲ್ಲ ವಿವರಿಸುತ್ತಿದ್ದಳು. ಹಳೆಯ ಕಬ್ಬಿಣದ ಒಲೆಯಲ್ಲಿ ಬ್ರೆಡ್ ಬೇಯುತ್ತಿತ್ತು. ನಿನ್ನೆ ರಾತ್ರಿಯಿಂದ ಬರೀ ಹೊಟ್ಟೆಯಲ್ಲಿದ್ದ ಇಬ್ಬರೂ ಒಲೆಯ ಕಡೆ ನೋಡಿ ಮುಖ ತಿರುಗಿಸಿಕೊಂಡರು.

“ನಿಮ್ಮ ಹಿರಿಯರು ಯಾವ ವರ್ಷ ಕೈಗಾಡಿ ಎಳೆದ್ರು?” ಎಂದು ಅಜ್ಜಿ ಕೇಳಿದಳು.

“ನಮ್ಮೋರು ಕಲ್ಲಿದ್ದಲು ಗಾಡಿ ಎಳೆದ್ರು, ಭೂಮಿ ಒಳಗೆ,” ಎಂದ ರಿಗ್ಬಿ.

“ಹಾಗಾದ್ರೆ ಇವತ್ತು ಎಳೆದು ನೋಡಿ. ಹೊರಗೆ ಒಂದು ಕೈಗಾಡಿ ಇಟ್ಟಿದೀವಿ. ಆ ಬೇಲಿವರೆಗೆ ಹೋಗಿ ಬನ್ನಿ.”

ಗಂಟೆ ಇನ್ನೂ ಹನ್ನೆರಡಾಗಿರಲಿಲ್ಲ. “ಎಳೆಯೋಣ,” ಎಂದರು ಇಬ್ಬರೂ ಒಟ್ಟಿಗೆ.

ಎಪ್ಪತ್ನಾಲ್ಕರ ರಿಗ್ಬಿ ಎಡಕ್ಕೆ, ಅರವತ್ತಾರರ ಹ್ಯಾಚ್ ಬಲಕ್ಕೆ. ಬೇಲಿಯವರೆಗೆ ಸಲೀಸಾಗಿ ಹೋದರು. ಬೇಲಿಯ ಬಾಗಿಲು ದಾಟಿದರೆ ಇಳಿಜಾರು, ಅದರ ತುದಿಗೆ ಹೊಲದ ಕಾಲುವೆ. ಹ್ಯಾಚ್, “ಇನ್ನೂ ಸ್ವಲ್ಪ ಮುಂದೆ ಹೋಗೋಣ,” ಎಂದ. ಎಳೆಯುತ್ತಿದ್ದ ಗಾಡಿ ಈಗ ಅವರನ್ನೇ ತಳ್ಳತೊಡಗಿತು. ಹಿಂದಿನಿಂದ ಅಜ್ಜಿ, “ಹಿಡಿದು ನಿಲ್ಸಿ, ಹಿಡಿದು ನಿಲ್ಸಿ,” ಎನ್ನುವುದು ಕೇಳಿಸಿತು. ಇಬ್ಬರು ಮುದುಕರೂ ಹತ್ತು ವರ್ಷದಿಂದ ಓಡದಿದ್ದಷ್ಟು ಓಡಿ, ಗಾಡಿಯ ಸಮೇತ ಕಾಲುವೆಗೆ ಇಳಿದರು.

ನೀರು ಸೊಂಟದವರೆಗೆ, ಕೆಸರು ಮೊಣಕಾಲಿನವರೆಗೆ. ಎಲುಬೇನೂ ಮುರಿದಿರಲಿಲ್ಲ. ಆದರೆ ರಿಗ್ಬಿ ಜೇಬು ತಡಕಿದರೆ ಕಾರಿನ ಕೀ ಇಲ್ಲ. ಇಬ್ಬರೂ ಬಗ್ಗಿ, ಎಮ್ಮೆ ಮುಳುಗಿದಂತೆ ಮುಳುಗಿ ಏಳುತ್ತ ಹುಡುಕಿದರು. ಸಿಗಲಿಲ್ಲ. ಹೋದರೆ ಹೋಗಲಿ, ಇನ್ನು ಸಭೆ ಮುಗಿಯುವುದರೊಳಗೆ ಊರು ಸೇರುವ ಮಾತೇ ಇಲ್ಲ ಎಂದು ರಿಗ್ಬಿ ದಂಡೆಯ ಮೇಲೆ ನೆಮ್ಮದಿಯಿಂದ ಕೂತ.

“ಗಾಬರಿ ಆಗ್ಬೇಡಿ,” ಎಂದು ಅಜ್ಜಿ ಮೇಲಿನಿಂದ ಹೇಳಿದಳು. “ವಲೇಟಾ ನನ್ನ ಅಕ್ಕನ ಮಗಳು. ಫೋನ್ ಮಾಡಿದೀನಿ, ಹೊರಟಿದಾಳೆ.”

ವಲೇಟಾ ಸೀಟಿಗೆ ಪ್ಲಾಸ್ಟಿಕ್ ಹಾಸಿಕೊಂಡೇ ಬಂದಿದ್ದಳು. “ಬಟ್ಟೆ ಬದಲಾಯಿಸ್ಕೊಂಡು ಆಮೇಲೆ...” ಎಂದು ರಿಗ್ಬಿ ಶುರುಮಾಡಿದ. “ನಮ್ಮ ಮುತ್ತಜ್ಜಂದಿರು ಬಟ್ಟೆ ಬದಲಾಯಿಸ್ಕೊಂಡು ಬಂದ್ರಾ?” ಎಂದು ಆಕೆ ಕಾರು ಹೊರಡಿಸಿದಳು.

ಒಂದು ಗಂಟೆ ಹತ್ತು ನಿಮಿಷಕ್ಕೆ ಕೆಸರಿನ ಹೆಜ್ಜೆ ಮೂಡಿಸುತ್ತ ಇಬ್ಬರೂ ಸಭೆಯೊಳಗೆ ಬಂದು ಮುಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಬೆರಿಲ್ ಮೂಗು ಮುಚ್ಚಿಕೊಂಡು ಸ್ವಲ್ಪ ಸರಿದು ಕೂತಳು. ಬಿಷಪ್ಪರು, “ಮನಸ್ಸು ಬಂದವರು ಬಂದು ತಮ್ಮ ನಂಬಿಕೆಗೆ ಸಾಕ್ಷಿ ಹೇಳಬಹುದು,” ಎಂದು ಇಡೀ ಸಭೆಗೆ ಹೇಳಿ ರಿಗ್ಬಿಯೊಬ್ಬನನ್ನೇ ನೋಡಿದರು.

ಈ ಹ್ಯಾಚ್ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ ಎಂದು ರಿಗ್ಬಿ ಎದ್ದ. ಒದ್ದೆ ಷೂ ಪಚಕ್ ಪಚಕ್ ಎಂದಿತು.

“ನಂಗೆ ಯಾವ ಕನಸೂ ಬಿದ್ದಿರ್ಲಿಲ್ಲ. ಒಂದು ಬೀರು ಮೇಲೆ ಸಾಗಿಸ್ಬೇಕಿತ್ತು. ಈ ಹುಡುಗ್ರು ಗಟ್ಟಿಯಾಗಿ ಕಂಡ್ರು. ಅದಕ್ಕೆ ಒಳಗೆ ಕರೆದೆ. ನಾನು ನಂಬಿದ್ದು ನಿಜ, ಈಗ್ಲೂ ನಂಬ್ತೀನಿ. ಆದ್ರೆ ಕನಸು ಸುಳ್ಳು. ಹನ್ನೊಂದು ವರ್ಷ ಸುಮ್ಮನಿದ್ದೆ. ತಪ್ಪಾಯ್ತು.”

ಸಭೆಯಲ್ಲಿ ಯಾವುದೋ ಮಗು ತಿಂಡಿಯ ಪೊಟ್ಟಣ ಕೆದಕುತ್ತಿತ್ತು. ವಲೇಟಾಳ ಮುಖ ಒಡೆದ ಹಾಲಿನಂತಾಗಿತ್ತು. ರಿಗ್ಬಿಗೆ ಮಾತ್ರ ಹನ್ನೊಂದು ವರ್ಷದ ಬೀರು ಹೆಗಲಿನಿಂದ ಇಳಿದಂತೆ ಹಗುರವಾಯಿತು. ಇನ್ನು ಯಾರೂ ಕತೆ ಹೇಳು ಎನ್ನುವುದಿಲ್ಲ.

ಅಷ್ಟರಲ್ಲಿ ಹ್ಯಾಚ್ ಎದ್ದು ಅವನ ಪಕ್ಕ ಬಂದು ನಿಂತ.

“ಕನಸು ಸುಳ್ಳಲ್ಲ,” ಎಂದ. “ನಮಗೆ ನಿಜವಾಗಿ ಒಂದು ಕಾರ್ಡ್ ಬಂದಿತ್ತು. ಕನಸಲ್ಲಿ ನಿಮ್ಮಿಬ್ಬರನ್ನ ಕಂಡೆ, ಬನ್ನಿ ಅಂತ. ಹೆಸರಿಲ್ಲ, ರೋವನ್ ಬೀದಿ, ಹತ್ತೊಂಬತ್ತನೇ ನಂಬರು ಅಷ್ಟೇ. ನಾನು ಅಂಗೈ ಮೇಲೆ 19 ಅಂತ ಬರ್ಕೊಂಡೆ. ಬೀದೀಲಿ ಅಂಗೈ ಚಾಚಿ ತೋರ್ಸಿದೆ. ಎದುರಿಗೆ ನಿಂತಿದ್ದ ನನ್ನ ಜೊತೆಗಾರ ತಲೆಕೆಳಗಾಗಿ ನೋಡಿ 61 ಅಂತ ಓದಿದ. ನಾವು ರಿಗ್ಬಿ ಮನೆಗೆ ಹೋದ್ವಿ. ಡೈರಿ ಬರೆದಾದ ಮೇಲೆ ಕೈ ತೊಳೆಯುವಾಗ ಗೊತ್ತಾಯ್ತು. ಮಾರನೇ ದಿನ ಬೆಳಿಗ್ಗೆ ನನ್ನನ್ನ ಬೇರೆ ಊರಿಗೆ ಹಾಕಿದ್ರು. ಹತ್ತೊಂಬತ್ತನೇ ಮನೆಗೆ ಯಾರೂ ಹೋಗ್ಲೇ ಇಲ್ಲ. ನಲವತ್ತಾರು ವರ್ಷದಿಂದ ಅದು ನನ್ನ ಎದೇಲಿ ಚುಚ್ತಾ ಇದೆ. ಇವತ್ತು ಇಲ್ಲಿ ನಿಲ್ಲೋಕೆ ಧೈರ್ಯ ಬರದೆ, ಬೆಳಿಗ್ಗೆಯಿಂದ ಗೋರಿ ಕಲ್ಲು ಓದ್ತಾ ಕಾಲ ತಳ್ಳಿದೆ.”

ಎಲ್ಲರೂ ಆ ಕಾಣದ ಹತ್ತೊಂಬತ್ತನೇ ಮನೆಯವರನ್ನು ನೆನೆದು ತಲೆ ತಗ್ಗಿಸಿದರು. ವಲೇಟಾ ಆಗಲೇ ಚೀಲದಿಂದ ಪೆನ್ನು ತೆಗೆದಿದ್ದಳು.

“ಹುಡುಕೋ ತೊಂದ್ರೆ ತಗೋಬೇಡಿ,” ಎಂದಿತು ಮುಂದಿನ ಬೆಂಚಿನಿಂದ ಒಂದು ದನಿ. ಬೆರಿಲ್ ಎದ್ದು ನಿಂತಿದ್ದಳು. “ಹತ್ತೊಂಬತ್ತನೇ ನಂಬರು ನಮ್ಮ ಚಿಕ್ಕಮ್ಮನ ಮನೆ. ಕಾರ್ಡ್ ಬರೆದವಳು ನಾನು.”

ರಿಗ್ಬಿ ಹೆಂಡತಿಯ ಕಡೆ ತಿರುಗಿದ. ಬೆರಿಲ್ ಸಭೆಯ ಕಡೆ ನೋಡುತ್ತಿದ್ದಳು.

“ಚಿಕ್ಕಮ್ಮನಿಗೆ ಗೊತ್ತಾದ್ರೆ ಚರ್ಮ ಸುಲೀತಾಳೆ ಅಂತ ಹೆಸರು ಬರೀಲಿಲ್ಲ. ಕಿಟಕೀಲಿ ಕಾಯ್ತಾ ಕೂತಿದ್ದೆ. ಕನಸಲ್ಲಿ ಕಂಡ ಅದೇ ಕೋಟು, ಅದೇ ಮುಖ. ನಮ್ಮ ಬಾಗಿಲು ದಾಟ್ಕೊಂಡು ಹೋಗಿ ಅರವತ್ತೊಂದಕ್ಕೆ ನುಗ್ಗಿದ್ರು. ಇನ್ನೇನು ಮಾಡ್ಲಿ? ಮಾರನೇ ದಿನದಿಂದ ಸಕ್ಕರೆ ಕೇಳೋ ನೆಪದಲ್ಲಿ ಆ ಮನೆಗೇ ಹೋದೆ. ನಾಲ್ಕು ದಿನ ಹುಡುಗ್ರು ಸಿಗ್ಲಿಲ್ಲ. ಐದನೇ ದಿನ ಅವರಲ್ಲೊಬ್ಬ ಸಿಕ್ಕಿದ.”

“ಮತ್ತೆ ಕನಸಿನ ವಿಷಯ ಯಾಕೆ ಹೇಳ್ಲಿಲ್ಲ, ಸಿಸ್ಟರ್ ರಿಗ್ಬಿ?” ಎಂದರು ಬಿಷಪ್ಪರು.

“ಇಲ್ಲಿಗೆ ಬಂದ ಮೇಲೆ ಯಾರೂ ನನ್ನ ಕೇಳ್ಲಿಲ್ಲ. ಆಮೇಲೆ ವಲೇಟಾ ಡೈರಿ ಓದಿದಾಗ, ಇವ್ರಿಗೂ ಅದೇ ಕನಸು ಬಿದ್ದಿತ್ತು ಅಂದ್ಕೊಂಡು ಸಂತೋಷಪಟ್ಟೆ.” ಈಗ ಮೊದಲ ಸಲ ಗಂಡನ ಕಡೆ ನೋಡಿದಳು. “ಇವ್ರು ಬೀರು ಅಂತಿದಾರೆ.”

ಸಭೆ ಮುಗಿದ ಮೇಲೆ ಬೆರಿಲ್‌ಳ ಸುತ್ತ ಜೇನುಗೂಡಿನಂತೆ ಜನ. ಹ್ಯಾಚ್ ಅವಳ ಕೈ ಹಿಡಿದು ಅತ್ತ. ಮುಂದಿನ ಶನಿವಾರ ಐಡಹೋದ ತನ್ನ ಊರಿಗೆ ಬಂದು ಇದನ್ನೇ ಹೇಳಬೇಕೆಂದು ಅಂಗಲಾಚಿದ. ವಲೇಟಾ ದಿನಾಂಕಗಳನ್ನು ಬರೆದುಕೊಳ್ಳುತ್ತಿದ್ದಳು.

ಜನ ಕರಗುವವರೆಗೆ ರಿಗ್ಬಿ ಕೋಟು ತೂಗುಹಾಕುವ ಮೂಲೆಯಲ್ಲಿ ಕಾದ. ನಲವತ್ತಾರು ವರ್ಷ ಅವನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಹೆಮ್ಮೆ ಇತ್ತು: ಬೀದಿಯ ಚೆಲುವೆಯೊಬ್ಬಳು ನಾಲ್ಕು ದಿನ ಬಿಡದೆ ತನ್ನ ಬಾಗಿಲಿಗೆ ಬಂದಿದ್ದಳು, ಕೊಟ್ಟ ಸಕ್ಕರೆಯನ್ನು ಪ್ರತಿ ಸಲವೂ ಮರೆತು ಹೋಗಿದ್ದಳು.

“ಬೆರಿಲ್, ನಿನಗೆ ಸಕ್ಕರೆ ಬೇಕಿರ್ಲಿಲ್ಲವಾ?”

“ನಮ್ಮನೇಲಿ ಮೂಟೆ ಇತ್ತು.”

“ನನ್ನ ನೋಡೋಕೂ ಬಂದಿರ್ಲಿಲ್ಲ?”

“ಆ ಹುಡುಗ್ರನ್ನ ನೋಡೋಕೆ ಬಂದೆ. ನೀನು ಮನೇಲಿದ್ದೆ.”

“ಮತ್ತೆ ನನ್ನ ಯಾಕೆ ಮದುವೆ ಆದೆ?”

ಬೆರಿಲ್ ಕೈಚೀಲ ಹೆಗಲಿಗೇರಿಸುತ್ತ ಪ್ರಾಮಾಣಿಕವಾಗಿ ಯೋಚಿಸಿದಳು. “ಬರ್ನ್ಲೀಲಿ ಮದುವೆ ಆಗದ ಮಾರ್ಮನ್ ಗಂಡಸರು ಇಬ್ರೇ ಇದ್ರು ಕಣೋ. ಇನ್ನೊಬ್ರಿಗೆ ಎಂಬತ್ತೊಂದು.”

ವಲೇಟಾ ಪುಸ್ತಕ ಹಿಡಿದು ಬಂದಳು. “ಸಿಸ್ಟರ್ ರಿಗ್ಬಿ, ಕ್ರಿಸ್‌ಮಸ್‌ವರೆಗೆ ಹದಿನೇಳು ಕಡೆ ಆಯ್ತು. ಐಡಹೋ ಒಂದೇ ಸ್ವಲ್ಪ ದೂರ, ಮುನ್ನೂರು ಮೈಲಿ. ನಿಮಗೆ ಕಾರ್ ಓಡ್ಸೋಕೆ ಬರಲ್ಲ ಅಲ್ವಾ?”

“ಇವ್ನು ಓಡಿಸ್ತಾನೆ,” ಎಂದಳು ಬೆರಿಲ್.