ಕಾಕಾನ ಗುಟ್ಟಿನ ನೆಟ್‌ವರ್ಕ್

ನಮ್ಮ ಕಾಕಾ ತಮ್ಮ ಮದುವೆಯಲ್ಲಿ ಜುಬ್ಬಾದ ಕಿಸೆಯೊಳಗೆ ಇನ್ನೊಂದು ತಾಳಿ ಇಟ್ಟುಕೊಂಡಿದ್ದರು! ಗಾಬರಿಯಾಗಬೇಡಿ, ಅದು ಬ್ಯಾಕಪ್. ಮೊದಲನೆಯದು ಅಯ್ಯನವರ ಕೈಜಾರಿ ಬಾವಿಗೆ ಬಿದ್ದರೆ? ಮಂಟಪದಲ್ಲಿ ಬಾವಿ ಎಲ್ಲಿತ್ತು ಎಂದು ನಾನು ವಾದ ಹೂಡಿದರೆ, “ಇರಲಿಲ್ಲಲ್ಲ, ಅದಕ್ಕ ಪಾರಾದ್ವಿ” ಎನ್ನುತ್ತಾರೆ. “ಆ ಎರಡನೇದ್ದು ಯಾರ ಸಲುವಾಗಿ ತಂದಿದ್ರಿ?” ಎಂಬ, ಅವರ ಹೆಂಡತಿ ಕಾಕುವಿನ ಪ್ರಶ್ನೆಗೆ ಮಾತ್ರ ಇಂದಿಗೂ ಉತ್ತರ ಬಂದಿಲ್ಲ.

ಇಂಥವರದು ಸಾಂಗ್ಲಿಯ ಪೇಟೆಯಲ್ಲಿ ಫೋಟೋ ಸ್ಟುಡಿಯೋ. ಹಿಂದೊಮ್ಮೆ ನೆರೆ ಬಂದು ಕೃಷ್ಣೆ ಅಂಗಡಿಗೆ ನುಗ್ಗಿ ಊರಿನ ಮದುವೆಗಳನ್ನೆಲ್ಲ ಅಂಬಲಿ ಮಾಡಿ ಹೋಗಿದ್ದಳು. ಅಂದಿನಿಂದ ಕಾಕಾಗೆ ಒಂದೇ ಧ್ಯಾನ: ಅಂಗಡಿಯ ಸರ್ವರ್‌ನಲ್ಲಿರುವ ಪ್ರತಿ ಫೋಟೋದ ಇನ್ನೊಂದು ಪ್ರತಿ ಮಿರಜಿನಲ್ಲಿ, ಅವರಕ್ಕ ನಮ್ಮ ಆತ್ಯಾನ ನೀರು ಹತ್ತದ ಮನೆಯಲ್ಲಿರಬೇಕು. ಎರಡರ ನಡುವೆ ಹೊರಗಿನವರು ಕಾಲಿಡಲಾಗದ ಖಾಸಗಿ ನೆಟ್‌ವರ್ಕ್!

“ಮದುವಿ ಫೋಟೋ ಕದ್ದು ಯಾರೇನ ಮಾಡ್ತಾರ್ರಿ, ಕಾಕಾ?”

“ವಕೀಲಬಾಯಿ, ಮಂದಿ ಮನಿ ಹೆಣ್ಣಮಕ್ಕಳು ನನ್ನ ನಂಬಿ ಕ್ಯಾಮೆರಾ ಮುಂದ ನಿಂತಾರ.”

ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು. ಸೋಲೊಪ್ಪಿಕೊಂಡು ಮಿರಜಿಗೆ ಹೋಗಿ ಕೇಬಲ್ ಜೋಡಿಸಿದೆ.

ಪಾಸ್‌ವರ್ಡನ್ನು ಕಾಕಾ ಫೋನಿನಲ್ಲಿ ಹೇಳಿದರು, ಪೇಟೆಯ ನಡುವೆ ನಿಂತು, ಗಂಟಲು ಹರಿಯುವಂತೆ. ಅಷ್ಟು ಜೋರಾಗಿ ಯಾಕೆಂದರೆ, “ಹುಚ್ಚಿ, ಇದು ಮರಾಠಿ ಬಾಜಾರ. ಕನ್ನಡದಾಗ ಹೇಳಿದ್ರ ಯಾರಿಗೆ ತಿಳೀತೈತಿ? ಬರಕೋ, ಒಂಬತ್ತ, ಎರಡ...”

ಫೋನಿನೊಳಗಿಂದ ಎದುರಿನ ಬೆಲ್ಲದ ವ್ಯಾಪಾರಿಯ ದನಿ: “ಮಾಲಕರ, ಆಗಳೆ ಒಂಬತ್ತರ ಮುಂದ ಏಳ ಅಂದಿದ್ರಿ!”

ಅರಿಶಿನ ಚೀಲ ಹೊತ್ತ ಹಮಾಲನದೂ ಸಾಕ್ಷಿ: “ಏಳ ಖರೇರಿ, ನಾನೂ ಕೇಳೇನಿ.”

ಹೊಸ ಪಾಸ್‌ವರ್ಡನ್ನು ಕಾಕಾ, ಗಿರಾಕಿಗಳು ತಲೆ ಬಾಚಿಕೊಳ್ಳುವ ಗೂಡಿನೊಳಗೆ ಕೂತು ಪಿಸುಗುಟ್ಟಿದರು. ನನಗೆ ಕೇಳಿಸಲಿಲ್ಲ ಅನ್ನುವುದು ಬೇರೆ ಮಾತು!

ಅಂತೂ ಜಾಲ ಕೂಡಿತು. ಮಳೆಗಾಲದಲ್ಲೊಂದು ದಿನ ಹೊಳೆ ಏರುತ್ತಿರುವ ಸುದ್ದಿ ಬಂತು. ಹೋದ ವರ್ಷದಿಂದೀಚಿನ ಮದುವೆಗಳಿನ್ನೂ ಮಿರಜಿಗೆ ದಾಟಿರಲಿಲ್ಲ. ಅಷ್ಟರಲ್ಲಿ ಆ ಕಡೆಯ ಯಂತ್ರ ಉತ್ತರ ಕೊಡುವುದನ್ನೇ ನಿಲ್ಲಿಸಿತು. ಆತ್ಯಾ ಫೋನ್ ಎತ್ತುತ್ತಿಲ್ಲ. ನಾನೂ ಕಾಕಾನೂ ಸ್ಕೂಟರಿನಲ್ಲಿ ತೊಯ್ದು ತೊಪ್ಪೆಯಾಗಿ ಹೋಗಿ ನೋಡಿದರೆ, ಯಂತ್ರದ ಕೊರಳಿಗೆ ಹೂವಿನ ಸರ, ಮುಂದೆ ಹೋಳಿಗೆ, ಸ್ವಿಚ್ಚು ಬಂದ್! ಅಂದು ಬೇಂದೂರ, ಎತ್ತುಗಳಿಗೆ ನೊಗ ಹೂಡದೆ ಪೂಜೆ ಮಾಡುವ ಹಬ್ಬ.

“ಹಗಲೂ ರಾತ್ರಿ ಗುರ್ ಅಂತ ದುಡಿತೈತಿ, ಪಾಪ,” ಎಂದರು ಆತ್ಯಾ. “ಎತ್ತಿಗೆ ರಜಾ ಐತಿ, ಇದಕ್ಯಾಕ ಬ್ಯಾಡ?”

“ಅಕ್ಕಾ, ಅದು ಮಶೀನ!”

“ಮತ್ತ ಮೊದಲನೇ ದಿನ ನೀನ ಇಬೂತಿ ಹಚ್ಚಿ ಕೂಡ್ರಿಸಿದೆಲ್ಲೋ ತಮ್ಮಾ?”

ನಿರ್ಣಾಯಕಳಾಗಿ ವಾದದ ಬಹುಮಾನವನ್ನು ಆತ್ಯಾಗೆ ಕೊಟ್ಟು ನಾನು ಸ್ವಿಚ್ಚು ಒತ್ತಿದೆ. ಪರದೆಯ ಮೇಲೆ ಹಸಿರು ಪಟ್ಟಿ ಎರೆಹುಳದಂತೆ ತೆವಳತೊಡಗಿತು. ಮೂವರೂ ಎದುರು ಕೂತು ಹೋಳಿಗೆ ತಿಂದೆವು; ಕಾಕಾ ಮಾತ್ರ ಅಗಿಯುವುದನ್ನೇ ಮರೆತಿದ್ದರು. ಕೊನೆಯ ಫೋಟೋ ಬಂದು ಸೇರಿತು. ಮರುದಿನ ಅಂಗಡಿಗೆ ನೀರು ನುಗ್ಗಿತು.

ನೀರಿಳಿದ ಮೇಲೆ ಮಂದಿ ಫೋಟೋ ಕೇಳಿಕೊಂಡು ಆತ್ಯಾನ ಬಾಗಿಲಿಗೆ ಬರತೊಡಗಿದರು. ಹತ್ತಿರದ ಸಮಡೋಳಿಯ ಹೆಣ್ಣುಮಗಳೊಬ್ಬಳು ಕೆಸರು ಮೆತ್ತಿದ ಚೌಕಟ್ಟು ಹಿಡಿದು ಬಂದಳು. ಹೋದ ವರ್ಷದ ಬೇಸಿಗೆಯಲ್ಲಿ ಮದುವೆಯಾಗಿತ್ತು. ಗಂಡ ಆ ದೀಪಾವಳಿ ಕಾಣಲಿಲ್ಲ. ಮನೆಯಲ್ಲಿದ್ದ ಅವನ ಒಂದೇ ಫೋಟೋ ನೀರುಪಾಲಾಗಿತ್ತು.

ಕಾಕಾ ಹುಡುಕಿ ತೆಗೆದರು. ಅವಳಿಗೆ ಹಿಂದೆ ಕೊಟ್ಟ ಜೋಡಿ ಫೋಟೋದ ಪಕ್ಕದಲ್ಲೇ, ಆಗ ಬೇಡವೆಂದು ಬಿಟ್ಟಿದ್ದ ಇನ್ನೊಂದೂ ಇತ್ತು. “ಇದು ಬರೋಬರ ಬಂದಿಲ್ಲವ್ವಾ, ಕ್ಯಾಮೆರಾ ಬಿಟ್ಟು ಬ್ಯಾರೆ ಕಡೆ ನೋಡ್ಯಾನ,” ಎಂದು ಅದನ್ನು ಸರಿಸಹೋದರು.

ಅವಳು ಪರದೆಯ ಹತ್ತಿರ ಬಾಗಿದಳು.

“ತಡೀರಿ ಅಣ್ಣಾ. ಬ್ಯಾರೆ ಕಡೆ ಅಲ್ಲರಿ, ನನ್ನ ನೋಡಾಕತ್ತಾನ... ಇದನ್ನ ಕೊಡ್ರಿ.”