ಕೋಸಿನ ನೀರೂ ಡಾಕ್ಟರಮ್ಮನ ಕೋಟೂ

ಈ ಜನ್ಮದಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಕೂರುವುದಿಲ್ಲ! ಒಂದು ಭಾನುವಾರ ಬೆಳಿಗ್ಗೆ ನಾನು ಹೀಗೆಂದು ಭೀಷ್ಮಪ್ರತಿಜ್ಞೆ ಮಾಡಿದೆ. ಸಾಕ್ಷಿಗೆ ಇದ್ದವಳು ಹೆಂಡತಿ ಒಬ್ಬಳೇ. ಅವಳು ಶರ್ಟಿನ ಕಾಜ ಹೊಲಿಯುತ್ತಿದ್ದಳು, ತಲೆ ಕೂಡ ಎತ್ತಲಿಲ್ಲ.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ನನ್ನ ಬಲಗಡೆಯ ಕೋರೆಹಲ್ಲಿದೆಯಲ್ಲ, ಅದು ಬರೀ ಹಲ್ಲಲ್ಲ ಸ್ವಾಮಿ, ನನ್ನ ಮೂರನೇ ಕತ್ತರಿ! ಮೂವತ್ತು ವರ್ಷ ದಾರ ಕಡಿದದ್ದೆಲ್ಲ ಅದರಲ್ಲೇ. ಈಗ ಅದಕ್ಕೇ ಹುಳುಕು ಹಿಡಿದು, ತಣ್ಣೀರು ತಾಗಿದರೆ ನೆತ್ತಿಯವರೆಗೆ ಜುಮ್ಮೆನ್ನುತ್ತಿತ್ತು. ಎದುರು ಸಾಲಿನಲ್ಲೇ ಡಾಕ್ಟರಮ್ಮನ ಹಲ್ಲಿನ ಆಸ್ಪತ್ರೆ. ನಾಲ್ಕು ಹೆಜ್ಜೆ ಹಾಕಿದರೆ ಸಾಕಿತ್ತು. ಆದರೆ ಹೋದರೆ ಕಿತ್ತೇಬಿಡುತ್ತಾರೆ ಎಂಬ ಹೆದರಿಕೆ! ನಿಜ ಹೇಳುತ್ತೇನೆ, ಆ ಹಲ್ಲು ಹೋದರೆ ನನ್ನ ಅರ್ಧ ಕಸುಬೇ ಹೋದ ಹಾಗೆ ಅನ್ನಿಸಿಬಿಟ್ಟಿತ್ತು.

ಅಂಥ ಹೊತ್ತಿಗೆ ಪೇಪರಿನಲ್ಲಿ ಆ ಸುದ್ದಿ ಬಂತು.

"ನೋಡೇ ಇಲ್ಲಿ! ಎಲೆಕೋಸು, ಹೂಕೋಸಿನಲ್ಲಿರೋ ಒಂದು ಅಂಶ ಹಲ್ಲು ಹುಳುಕಾಗದ ಹಾಗೆ ತಡೀಬಹುದಂತೆ. ವಿಜ್ಞಾನಿಗಳೇ ಹೇಳಿದಾರೆ!"

"ಅವರು ತಡೀಬಹುದು ಅಂದಿರೋದು, ವಾಸಿ ಮಾಡುತ್ತೆ ಅಂತಲ್ಲ. ಸುಮ್ನೆ ಎದುರುಗಡೆ ಹೋಗಿ ಬನ್ರೀ."

"ನಿನಗೆ ವಿಜ್ಞಾನ ಅರ್ಥ ಆಗಲ್ಲ."

"ನಿಮ್ಮ ಹೆದರಿಕೆ ಮಾತ್ರ ಚೆನ್ನಾಗಿ ಅರ್ಥ ಆಗುತ್ತೆ."

ಅವತ್ತಿನಿಂದ ಶುರುವಾಯಿತು ನನ್ನ ಮಹಾಯಾಗ! ದಿನಕ್ಕೊಂದು ಕೋಸು ಕುದಿಸಿದೆ. ಬಂದ ನೀರನ್ನು ಹಾಗೇ ಬಾಯಿಗೆ ಹಾಕಿಕೊಳ್ಳಲು ನಾನೇನು ಕಸುಬು ಗೊತ್ತಿಲ್ಲದವನೇ? ಅತಿ ತೆಳುವಾದ ಲೈನಿಂಗ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದೆ. ನೀರು ಎಷ್ಟು ತಿಳಿಯಾಗಿ ಇಳಿಯಿತು ಅಂತೀರಿ! ಬಾಟಲಿಗೆ ತುಂಬಿ ಬೆಳಕಿಗೆ ಹಿಡಿದರೆ ಆಚೆಯ ಕ್ಯಾಲೆಂಡರಿನ ತಾರೀಕು ಓದಬಹುದಿತ್ತು. ದಿನಕ್ಕೆ ಆರು ಸಲ ಮುಕ್ಕಳಿಸಿದೆ. ಒಂಬತ್ತು ದಿನವಾದರೂ ನೋವು ಒಂದು ನೂಲೂ ಕಡಿಮೆಯಾಗಲಿಲ್ಲ. ಹೆಂಡತಿ ಮಾತ್ರ ನನ್ನ ಹತ್ತಿರ ಬರುವಾಗಲೆಲ್ಲ ಸೆರಗು ಮೂಗಿಗೆ ಹಿಡಿದುಕೊಂಡೇ ಬರುತ್ತಿದ್ದಳು.

ಹತ್ತನೆಯ ದಿನ ಒಂದು ಕೋಟು ಮುಗಿಸಿಕೊಡಬೇಕಿತ್ತು. ಕಪ್ಪು ಉಣ್ಣೆಯದು. ಯಾರದ್ದು ಅಂತೀರಿ? ಎದುರು ಸಾಲಿನ ಡಾಕ್ಟರಮ್ಮನದ್ದೇ! ಸಂಜೆ ಯಾವುದೋ ಸಭೆಯಲ್ಲಿ ಅವರ ಭಾಷಣವಿತ್ತು. ಹೊಲಿಗೆ ಮುಗಿದಿತ್ತು, ಇಸ್ತ್ರಿಯೊಂದು ಬಾಕಿ. ನನ್ನದು ಸ್ಟೀಮ್ ಇಸ್ತ್ರಿ. ಗೋಡೆಯ ಮೊಳೆಗೆ ನೇತುಹಾಕಿದ ಬಾಟಲಿಯಿಂದ ಅದಕ್ಕೆ ನೀರು ಇಳಿಯುತ್ತದೆ. ಬಾಟಲಿ ಖಾಲಿಯಾಗಿತ್ತು. ಹಲ್ಲುನೋವಿನ ಮಂಪರಿನಲ್ಲಿ ಕೈಗೆ ಸಿಕ್ಕ ತಿಳಿನೀರನ್ನು ತುಂಬಿ, ಕೋಟಿನ ಕಾಲರಿನಿಂದ ಅಂಚಿನವರೆಗೆ ಬುಸ್ ಬುಸ್ ಎಂದು ಆವಿ ಬಿಟ್ಟೆ.

"ಏನ್ರೀ, ಇಷ್ಟು ಹೊತ್ತಿಗೇ ಕೋಸು ಬೇಯಿಸ್ತಿದೀರಾ?" ಒಳಗಿನಿಂದ ಹೆಂಡತಿ ಕೇಳಿದಳು.

"ಇಲ್ವಲ್ಲ, ಇಸ್ತ್ರಿ ಮಾಡ್ತಿದೀನಿ..." ಎಂದವನು ಅಲ್ಲೇ ನಿಂತೆ. ಕೋಟನ್ನು ಮೂಸಿದೆ. ಅಯ್ಯೋ! ಉಣ್ಣೆಯ ಎಳೆಎಳೆಯಲ್ಲೂ ಬೆಂದ ಕೋಸು!

ಗಾಬರಿಯಲ್ಲಿ ಗುಲಾಬಿ ಸೆಂಟಿನ ಅರ್ಧ ಸೀಸೆ ಚಿಮುಕಿಸಿದೆ. ಈಗ ಅದು ಗುಲಾಬಿ ಒಗ್ಗರಣೆ ಹಾಕಿದ ಕೋಸಾಯಿತು. ಮೊರದಿಂದ ಗಾಳಿ ಬೀಸುತ್ತಿರುವಾಗಲೇ ಡಾಕ್ಟರಮ್ಮ ಮೆಟ್ಟಿಲು ಹತ್ತಿದರು.

"ಕೋಟು ಆಯ್ತಾ? ಏನಿದು ವಾಸನೆ?"

"ಅಕ್ಕಪಕ್ಕದವರ ಅಡುಗೆ ಮೇಡಂ," ಎಂದೆ. ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನು ದುರುಗುಟ್ಟಿ ನೋಡಿದಳು. ಮಾತು ಮರೆಸಬೇಕಲ್ಲ! ತೋಳಿನಲ್ಲಿ ಒಂದು ದಾರದ ಎಳೆ ಜೋತಾಡುತ್ತಿತ್ತು. "ಒಂದೇ ನಿಮಿಷ ಮೇಡಂ," ಎಂದವನೇ ಮೂವತ್ತು ವರ್ಷದ ಅಭ್ಯಾಸಬಲದಿಂದ ಬಗ್ಗಿ ಕಟಕ್ಕನೆ ಕಡಿದೆ.

ಹಾಡುಹಗಲಲ್ಲೇ ನಕ್ಷತ್ರ ಕಂಡಿತು! ಕೋಟನ್ನು ಅಪ್ಪಿಕೊಂಡೇ ನೆಲಕ್ಕೆ ಕುಸಿದೆ.

ಆಮೇಲೆ ಮುಚ್ಚಿಡುವುದೇನಿದೆ? ಪೇಪರು, ಲೈನಿಂಗ್ ಬಟ್ಟೆ, ಬಾಟಲಿ ಎಲ್ಲದರ ಕಥೆಯನ್ನೂ ಹೆಂಡತಿಯೇ ಒಪ್ಪಿಸಿಬಿಟ್ಟಳು. ಡಾಕ್ಟರಮ್ಮ ಬೈಯುತ್ತಾರೆಂದುಕೊಂಡರೆ, ಹೊಲಿಗೆ ಮೆಷಿನ್ನಿನ ದೀಪ ಎಳೆದು ನನ್ನ ಬಾಯಿಯೊಳಗೆ ಬೆಳಕು ಬಿಟ್ಟರು.

"ಪೇಪರಿನವರು ಸುಳ್ಳು ಹೇಳಿಲ್ಲ. ಕೋಸಿನ ಅಂಶ ಕೀಟಾಣು ಪದರ ಕಟ್ಟದ ಹಾಗೆ ತಡೆದೀತು ಅಂತ ಲ್ಯಾಬಿನಲ್ಲಿ ಕಂಡುಕೊಂಡಿದಾರೆ. ಅದು ಟೂತ್‌ಪೇಸ್ಟಿಗೆ ಬರೋದಕ್ಕೆ ಇನ್ನೂ ಕಾಲ ಬೇಕು. ಬಂದರೂ ಹುಳುಕು ಬರೋಕೆ ಮುಂಚೆ ಉಪಯೋಗ. ನಿಮ್ಮ ಹಲ್ಲಲ್ಲಿ ಆಗಲೇ ತೂತಾಗಿದೆ."

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ!" ಹೆಂಡತಿ ಸೇರಿಸಿದಳು.

"ಕೀಳ್ತೀರಾ ಮೇಡಂ?" ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಕೇಳಿದೆ.

"ಬಟ್ಟೆ ಒಂದು ಕಡೆ ಹರಿದ್ರೆ ಎಸೆದುಬಿಡ್ತೀರಾ? ತೇಪೆ ಹಾಕ್ತೀರಿ ತಾನೇ? ನಾನೂ ಅದನ್ನೇ ಮಾಡೋದು. ಇನ್ನೊಂದು ತಿಂಗಳು ಮುಕ್ಕಳಿಸ್ತಾ ಕೂತಿದ್ರೆ ಕೀಳಲೇಬೇಕಾಗ್ತಿತ್ತು. ಭಾಷಣಕ್ಕೆ ಇನ್ನೂ ಮೂರು ಗಂಟೆ ಇದೆ. ಕೋಟು ನಮ್ಮ ಫ್ಯಾನಿನ ಕೆಳಗಿರಲಿ, ನೀವು ನಮ್ಮ ದೀಪದ ಕೆಳಗೆ ಬನ್ನಿ."

ಆ ಮಾತು ಕೇಳಿ ನನಗೆ ಅಳುವೇ ಬಂತು. ಹೋದೆ. ಕುರ್ಚಿ ಏರಿದೆ. ಹೆಂಡತಿ ಪಕ್ಕದಲ್ಲಿ ನಿಂತು, "ಹೆದರಬೇಡಿ, ನನ್ನ ಕೈ ಹಿಡ್ಕೊಳ್ಳಿ," ಎಂದಳು. ಹಿಡಿದೆ. ಸೂಜಿ ಕಂಡಿತು. ಮೂವತ್ತು ವರ್ಷ ಸೂಜಿಯ ದುಡಿಮೆಯಲ್ಲೇ ಅನ್ನ ತಿಂದವನು ಕಣ್ಣು ಮುಚ್ಚಿಕೊಂಡು ಅವಳ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದೆ. ಕೋಣೆಯ ಸೂರು ಹಾರಿಹೋಗುವಂಥ ಒಂದು ಚೀತ್ಕಾರ ಕೇಳಿಸಿತು. ನನ್ನದೇ ಇರಬೇಕೆಂದು ನಾಚಿಕೊಂಡೆ.

ಅರ್ಧ ಗಂಟೆಯಲ್ಲಿ ತೇಪೆ ಬಿತ್ತು. ಹಲ್ಲು ಉಳಿಯಿತು, ನೋವಿಲ್ಲ! ಮರಗಟ್ಟಿದ ತುಟಿಯಲ್ಲೇ ನಗುತ್ತಾ ಎದ್ದು ನಿಂತೆ. ಡಾಕ್ಟರಮ್ಮ ನೋವಿನ ಮಾತ್ರೆ ಬರೆದು ಚೀಟಿ ಚಾಚಿದರು.

"ನಂಗೇನೂ ನೋವಿಲ್ಲ ಮೇಡಂ!" ಎಂದೆ ಜಂಬದಿಂದ.

"ನಿಮಗಲ್ಲ," ಎಂದರು ಅವರು. "ನಿಮ್ಮ ಹೆಂಡತಿ ಬೆರಳಿಗೆ."