ಕೆಂಪು ಕಣದ ಮೇಲೆ ನಿಂಬೆಹಣ್ಣು

ಸರಕು ಎಷ್ಟೇ ಒಳ್ಳೆಯದಿರಲಿ, ಮೊದಲು ಗಿರಾಕಿಯ ಕಣ್ಣು ಒಪ್ಪಬೇಕು. ಕೈ ಜೇಬಿಗೆ ಹೋಗುವುದು ಆಮೇಲೆ. ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಹೊತ್ತು ನಿಂಬೆಹಣ್ಣು ಮಾರುವಾಗಲೇ ನಾನಿದನ್ನು ಕಲಿತೆ. ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದೆ. ಇಂಥ ನನ್ನನ್ನೇ ಒಂದೇ ಒಂದು ಫೋಟೊ ವಾರಗಟ್ಟಲೆ ಓಡಾಡಿಸಿತೆಂದರೆ ನೀವು ನಂಬಲಿಕ್ಕಿಲ್ಲ.

ಇಂಟರ್‌ನೆಟ್ಟಿನಲ್ಲಿ ಗೆಳೆಯರ ಬಳಗ ಕಟ್ಟಿಕೊಂಡು ಫೋಟೊ ಹಾಕುವ ಹುಚ್ಚು ಆಗಷ್ಟೇ ನಮ್ಮೂರಿಗೆ ಕಾಲಿಟ್ಟಿತ್ತು. ಅಲ್ಲಿ ಪುಣೆಯ ಉಪ್ಪಿನಕಾಯಿ ವ್ಯಾಪಾರಿಗಳೂ ಇರುತ್ತಾರೆ, ನೀವೂ ಒಂದು ಚಲೋ ಫೋಟೊ ಹಾಕಿ ಎಂದು ಸೈಬರ್ ಅಂಗಡಿಯ ಶೋಭಾ ಹೇಳಿದ್ದೇ ನನಗೆ ಸಾಕಾಯಿತು. ಮಾರ್ಕೆಟ್ಟಿನ ದಲಾಲ ಹೇಳಿದ ದರಕ್ಕೆ ಮೂಗು ಮುರಿದು, ನಿಂಬೆಹಣ್ಣಿನ ಚೀಲಗಳನ್ನೆಲ್ಲ ವಾಪಸು ತಂದು ಪಡಸಾಲೆಯಲ್ಲಿ ಸುರಿದೆ. ಪುಣೆಯ ಲಾರಿ ಬರುತ್ತದೆ, ಡ್ರೈವರನ ಚಹಾಕ್ಕೆ ಹಾಲು ಹೆಚ್ಚು ತರಿಸು ಎಂದು ಹೆಂಡತಿ ನೀಲವ್ವನಿಗೆ ಅಪ್ಪಣೆಯನ್ನೂ ಕೊಟ್ಟೆ.

ಶೋಭಾಳ ಕ್ಯಾಮೆರಾ ಇಸಿದುಕೊಂಡೆ. ಪಡಸಾಲೆಯಲ್ಲಿ ಕತ್ತಲೆ, ಬೆಳಗಿನ ಬಿಸಿಲು ಚೆಂದಾಗಿ ಬೀಳುವುದು ಮನೆಯ ಮುಂದೆ ಮೂರು ದಾರಿ ಕೂಡುವಲ್ಲಿ. ಹಳದಿ ಬಣ್ಣ ಎದ್ದು ಕಾಣಲೆಂದು ನೀಲವ್ವನ ಟ್ರಂಕಿನಿಂದ ಕುಬಸ ಹೊಲಿಸಲು ಇಟ್ಟಿದ್ದ ಕೆಂಪು ಬಟ್ಟೆಯ ಕಣ ತೆಗೆದು ಹಾಸಿದೆ. ರಸ ಕಾಣಲೆಂದು ಒಂದು ಹಣ್ಣನ್ನು ಹೋಳು ಮಾಡಿದೆ. ಒಂದು ಮೂಲೆ ಬೋಳು ಅನ್ನಿಸಿತು, ನಾಲ್ಕು ಹಸಿಮೆಣಸಿನಕಾಯಿ ಇಟ್ಟೆ. ಹೋಗಿಬರುವವರು ದೂರ ಸರಿದು ನಡೆದರು. ಫೋಟೊಕ್ಕೆ ಅಡ್ಡ ಬರಬಾರದೆಂಬ ತಿಳಿವಳಿಕೆ ನಮ್ಮ ಜನಕ್ಕೆ ಎಷ್ಟಿದೆ ಎಂದು ಹೆಮ್ಮೆಪಟ್ಟೆ.

ಶೋಭಾ ಅದನ್ನು ಇಂಟರ್‌ನೆಟ್ಟಿಗೆ ಏರಿಸಿದ ಮೇಲೆ ಕಾಯುವುದೇ ಕೆಲಸವಾಯಿತು. ಬೆಳಗಾದರೆ ಹಣ್ಣು ಒತ್ತಿ ನೋಡುವುದು, ಮೆತ್ತಗಾಗಿದ್ದನ್ನು ನೀಲವ್ವನಿಗೆ ಕಾಣದಂತೆ ಕೆಳಗೆ ತಳ್ಳುವುದು, ಸೈಬರಿಗೆ ಓಡುವುದು. ಫೋಟೊ ನೋಡಿದವರು ಒಬ್ಬರೂ ದರ ಕೇಳಲಿಲ್ಲ. ಸಿಂದಗಿಯಿಂದ ತಂಗಿ ಮಾತ್ರ ಫೋನು ಮಾಡಿ, ಮನೆಯಲ್ಲಿ ಎಲ್ಲರೂ ಆರಾಮ ಇದ್ದೀರಲ್ಲ ಎಂದು ಎರಡೆರಡು ಸಲ ಕೇಳಿದಳು.

ಕೊನೆಗೆ ಫೋಟೊದ ಪ್ರಿಂಟು ತಂದು ನೀಲವ್ವನ ಕೈಗಿತ್ತೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಇದನ್ನ ಮೂರ ದಾರಿ ಕೂಡೂದ್ರಾಗ ಇಟ್ಟ ತಗದೀರಿ?"

"ಅಲ್ಲಿ ಬೆಳಕ ಚಲೋ ಇತ್ತು."

"ಅವತ್ತ ಅಮಾಸಿ ಇತ್ತು. ಇದು ಲಿಂಬಿಹಣ್ಣ ಮಾರೂ ಫೋಟೊ ಅಲ್ರಿ, ಯಾರಿಗೋ ಮಾಟ ಮಾಡಿಸಿದ ಫೋಟೊ. ಅದಕ್ಕ ನಮ್ಮವ್ವ ಕೊಟ್ಟ ಕಣಾನ ಬೇಕಾಗಿತ್ತೇನ ನಿಮಗ?"

ಚಪ್ಪಲಿ ಮೆಟ್ಟಲೂ ಮರೆತು, ಅಳಿಸಿಹಾಕಿಸಲೆಂದು ಸೈಬರಿಗೆ ಓಡಿದೆ. ಶೋಭಾ ತಡೆದಳು. "ನಿಂದರ್ರಿ ಕಾಕಾ, ಪುಣಾದಿಂದ ಒಬ್ಬರು ಬರದಾರ."

ಲಾರಿ ಬಂದೇಬಿಟ್ಟಿತೆಂದು ಸ್ಟೂಲು ಎಳೆದುಕೊಂಡು ಕೂತೆ. ಅವಳು ಓದಿ ಹೇಳಿದಳು. ಬರೆದವರು ಪುಣೆಯಲ್ಲಿ ನೆಲೆಸಿದ ನಮ್ಮ ಕಡೆಯವರೇ. ಅವರ ಗೇಟಿನ ಮುಂದೆ ಯಾರೋ ಏನೋ ಇಟ್ಟುಹೋಗಿದ್ದಾರಂತೆ. ಅದನ್ನು ತೆಗೆಯಲು ಸ್ವಾಮಿಗಳೇ, ಎಷ್ಟು ತಗೊಳ್ಳುತ್ತೀರಿ ಎಂದು ಕೇಳಿದ್ದರು.

"ಏನ ಬರೀಲ್ರಿ ಕಾಕಾ?"

ನಾನು ಅಂಥವನಲ್ಲ, ಬರೀ ವ್ಯಾಪಾರಿ ಎಂದು ಹೇಳಬೇಕಿತ್ತು. ಆದರೆ ಪಡಸಾಲೆಯ ರಾಶಿ ಕಣ್ಣ ಮುಂದೆ ಬಂತು.

"ಒಂದ ಹಣ್ಣಿಲೆ ಆಗೂದಿಲ್ಲಂತ ಬರಿಯವ್ವ. ಒಂದ ಲಾರಿ ಬೇಕಾಗತೈತಿ."

ಶೋಭಾ ಬರೆಯಲಿಲ್ಲ, ಕಂಪ್ಯೂಟರನ್ನೇ ಬಂದ್ ಮಾಡಿದಳು. ಹಣ್ಣು ಅದೇ ದಲಾಲನಿಗೇ ಹೋಯಿತು. ಅವನು ಹೇಳಿದ ದರಕ್ಕೆ ಚೌಕಾಸಿ ಮಾಡದೆ ತಲೆಯಾಡಿಸಿದೆ. ಅಷ್ಟಾದರೂ ನೀಲವ್ವ ಅರಿಷಿಣದ ನೀರು ಚಿಮುಕಿಸಿದ ಮೇಲೆಯೇ ಅವನು ಚೀಲ ಮುಟ್ಟಿದ್ದು.

ಇವತ್ತಿಗೂ ಫೋಟೊ ತೆಗೆಯುವವರನ್ನು ಕಂಡರೆ ನಿಂತು ಬುದ್ಧಿ ಹೇಳುತ್ತೇನೆ: ಬೆಳಕು, ಬಣ್ಣ ಎಲ್ಲ ನೋಡಿಕೊಳ್ಳಿ, ಆದರೆ ಮೊದಲು ಹೆಂಡತಿಗೆ ತೋರಿಸಿ. ಯಾಕೆ ಎಂದು ಅವರು ಕೇಳುವ ಹೊತ್ತಿಗೆ ನನಗೆ ಮಾರ್ಕೆಟ್ಟಿನಲ್ಲಿ ಅವಸರದ ಕೆಲಸ ಇರುತ್ತದೆ.